ಪುಟ್ಟಿಯ ಹೆಸರಿನ ಪಾನಕದಂಗಡಿ

ಚಿರಂಜೀವಿ ಅನಿರುದ್ಧನಿಗೆ ಸೋದರತ್ತೆಯ ಆಶೀರ್ವಾದಗಳು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ನಮ್ಮ ಪುಟ್ಟಿಯ ಹೆಸರಿನಲ್ಲಿ ನೀನು ಪಾನಕ ಮಾರಿ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತೀಯೆಂದು ಕೇಳಿ ಮನಸ್ಸು ತುಂಬಿ ಬಂತು. ನೀನಿರುವ ಅಮೆರಿಕದಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟವಳೂ ಒಂದು ಮಗುವೇ. ನ್ಯೂರೋಬ್ಲಾಸ್ಟೋಮಾ ಎಂಬ ಎಳೆಯ ಮಕ್ಕಳ ಕ್ಯಾನ್ಸರ್ ಇದ್ದ ಅಲೆಕ್ಸಾಂಡ್ರಾ ಸ್ಕಾಟ್ 2000ದಲ್ಲಿ, ನಾಲ್ಕರ ವಯಸ್ಸಿನಲ್ಲಿ, ಮನೆ ಮುಂದೆ ನಿಂಬೆ ಪಾನಕ ಮಾರಿ 2,000 ಡಾಲರ್ ಕೂಡಿಸಿದಳು. 2004ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದು 10 ಲಕ್ಷ ಡಾಲರ್ ದಾಟಿತ್ತು. ಅವಳ ಹೆಸರಿನ ಅಲೆಕ್ಸ್ ಲೆಮನೇಡ್ ಸ್ಟ್ಯಾಂಡ್ ಫೌಂಡೇಶನ್ ಇಂದಿಗೂ ಸಂಶೋಧಕರಿಗೆ ಅನುದಾನ ಕೊಡುತ್ತಿದೆ. ಹೊಸ ಸಂಸ್ಥೆ ಕಟ್ಟುವ ಗೋಜು ಬೇಡ, ಅಂಥ ಒಂದರ ಜೊತೆ ಸೇರಿಕೊ.

ಫಲಕದ ಮೇಲೆ "ಪುಟ್ಟಿಗೆ ನೆರವಾಗಿ" ಎಂದು ಬರೆಯಬೇಡ. ಜನ ಅವಳ ಆಸ್ಪತ್ರೆ ಖರ್ಚಿಗೆಂದು ಕೊಡುತ್ತಾರೆ, ಆಮೇಲೆ ಅದು ಪ್ರಯೋಗಾಲಯಕ್ಕೆ ಹೋಯಿತೆಂದರೆ ನೊಂದುಕೊಳ್ಳುತ್ತಾರೆ. "ಪುಟ್ಟಿಯ ಹೆಸರಿನಲ್ಲಿ, ಸಂಶೋಧನೆಗೆ" ಎಂದು ಸ್ಪಷ್ಟವಾಗಿರಲಿ.

ದುಡ್ಡು ನಿನ್ನ ಖಾತೆಗೆ ಬರಲೇಬಾರದು. ಚೆಕ್ ಸಂಸ್ಥೆಯ ಹೆಸರಿಗೆ, ಕ್ಯೂಆರ್ ಕೋಡ್ ಸಂಸ್ಥೆಯ ಪುಟಕ್ಕೆ. ನಗದನ್ನು ಅಂದೇ ಇಬ್ಬರು ಕೂತು ಎಣಿಸಿ, ಚೀಟಿಯಲ್ಲಿ ಬರೆದು, ಇಬ್ಬರೂ ಸಹಿ ಹಾಕಲಿ. ಎಲ್ಲರೂ ಎಡವುವುದು ಇಲ್ಲೊಂದು ಕಡೆ: ನಗದು ಜೇಬಿಗಿಟ್ಟುಕೊಂಡು ಅಷ್ಟೇ ಮೊತ್ತವನ್ನು ಸ್ವಂತ ಕಾರ್ಡಿನಿಂದ ಕಟ್ಟಿ, ಕಂಪನಿ ತನ್ನ ಕಡೆಯಿಂದಲೂ ಹಣ ಸೇರಿಸುವ ಮ್ಯಾಚಿಂಗ್‌ಗೆ ಅರ್ಜಿ ಹಾಕುತ್ತಾರೆ. ಕಂಪನಿ ಜೋಡಿ ಹಣ ಕೊಡುವುದು ನೌಕರ ತನ್ನ ಕೈಯಿಂದ ಕೊಟ್ಟದ್ದಕ್ಕೆ ಮಾತ್ರ, ತೆರಿಗೆ ವಿನಾಯಿತಿಯೂ ಹಾಗೆಯೇ. ಹತ್ತು ಜನರ ದುಡ್ಡನ್ನು ನಿನ್ನದೆಂದು ತೋರಿಸಿದರೆ ಅದು ಸುಳ್ಳು ಲೆಕ್ಕ. ಅದಕ್ಕೇ ಗೆಳೆಯರು ತಮ್ಮ ಪಾಲನ್ನು ತಾವೇ ಕಟ್ಟಿ, ತಮ್ಮ ಕಂಪನಿಗೆ ತಾವೇ ಅರ್ಜಿ ಹಾಕಲಿ. ಒಂದೇ ಬಾರಿಗೆ 250 ಡಾಲರ್ ಅಥವಾ ಹೆಚ್ಚು ಕೊಟ್ಟವರು ವಿನಾಯಿತಿ ಕೇಳಬೇಕಾದರೆ ಸಂಸ್ಥೆಯ ಲಿಖಿತ ರಸೀದಿ ಬೇಕೇ ಬೇಕು. ಬೆಂಗಳೂರಿನ ಆಸ್ಪತ್ರೆಗೂ ಕೊಡುವ ಆಸೆಯಿದ್ದರೆ ಈ ಹುಂಡಿಯಿಂದ ಬೇಡ, ಅದರ ನಿಯಮಗಳೇ ಬೇರೆ.

ಇನ್ನು ಪಾನಕ. ಮಂಜುಗಡ್ಡೆಯೂ ಸೇರಿ ಲೋಟಕ್ಕೆ 180 ಮಿಲಿಯಂತೆ 100 ಲೋಟಕ್ಕೆ 12 ಲೀಟರ್ ಪಾನಕ ಸಾಕು. ಅಲ್ಲಿಯ ದಪ್ಪ ಹಳದಿ ನಿಂಬೆ 40, ಸಕ್ಕರೆ ಒಂದೂವರೆ ಕಿಲೋ, ನೀರು ಒಂಬತ್ತೂವರೆ ಲೀಟರ್, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಆ ನೀರಿನಲ್ಲೇ ಒಂದೂವರೆ ಲೀಟರ್ ಬಿಸಿಮಾಡಿ, ಸಕ್ಕರೆಯನ್ನು ಮೊದಲು ಅದರಲ್ಲಿ ಕರಗಿಸಿ ಆರಿಸು, ತಣ್ಣೀರಿಗೆ ಸುರಿದರೆ ತಳದಲ್ಲೇ ಕೂರುತ್ತದೆ. ಹೋಳನ್ನು ಸಿಪ್ಪೆ ಹಿಪ್ಪೆಯಾಗುವಂತೆ ಹಿಂಡಬೇಡ, ಒಳಗಿನ ಬಿಳಿ ಪದರ ಕಹಿ ಬಿಡುತ್ತದೆ. ಲೋಟಕ್ಕೆ ಬೆಲೆ ಕಟ್ಟಬೇಡ. ಎರಡು ಡಾಲರ್ ಎಂದು ಬರೆದರೆ ಇಪ್ಪತ್ತು ಕೊಡಲು ಬಂದವನೂ ಎರಡೇ ಕೊಟ್ಟು ಹೋಗುತ್ತಾನೆ. ರಸ್ತೆ ಬದಿ ಮಾರಲು ಅನುಮತಿ ಬೇಕೇ ಎಂದು ಊರಿನ ಕಚೇರಿಯಲ್ಲಿ ಮೊದಲೇ ಕೇಳಿಕೊ.

ಪುಟ್ಟಿಯ ಫೋಟೋ ಹಾಕುವ ಮುಂಚೆ ಅವಳನ್ನು ಕೇಳು. ಕೂದಲಿಲ್ಲದ ಚಿತ್ರ ಬೇಡ ಎಂದರೆ ಬೇಡವೇ ಬೇಡ. ಹಿಂದಿನ ದಿನದ ರಕ್ತಪರೀಕ್ಷೆಯಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣಗಳ ಎಣಿಕೆ, ಅಂದರೆ ಎಎನ್‌ಸಿ 500ಕ್ಕಿಂತ ಕಡಿಮೆ ಬಂದಿದ್ದರೆ ಅವಳು ಕಿಟಕಿಯಿಂದಲೇ ನೋಡಲಿ, ಗುಂಪಿನಲ್ಲಿ ಒಂದು ಕೆಮ್ಮು ಸಾಕು ಸೋಂಕು ತಗುಲಲು.

ಕೊಟ್ಟವರಿಗೆ ವಾರದೊಳಗೆ ಧನ್ಯವಾದದ ಕಾರ್ಡ್ ಹೋಗಲಿ, ಒಟ್ಟು ಎಷ್ಟಾಯಿತು ಎಂಬುದೂ ಅದರಲ್ಲಿರಲಿ. ಪುಟ್ಟಿ ತಾನೇ ಬರೆಯುತ್ತೇನೆ ಅಂದರೆ ದಪ್ಪ ಕ್ರೇಯಾನ್ ಕೊಡು. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯಿಂದ ಬೆರಳು ಸೋಲುತ್ತವೆ, ಪೆನ್ಸಿಲ್ ಜಾರುತ್ತದೆ. ಎರಡು ಕಾರ್ಡಿಗೇ ದಣಿದರೆ ಉಳಿದದ್ದನ್ನು ನೀನು ಬರೆ.

ಇಂತಿ,
ನಿನ್ನ ಅತ್ತೆ