ಕೋಳಿ ಯಾವಾಗ ಮೊಟ್ಟೆ ಇಡುತ್ತೆ ಅಂತ ಕೇಳಿದ ಸೌಮ್ಯಳಿಗೆ

ಚಿ. ಸೌ. ಸೌಮ್ಯಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಾಲೆಗೆ ಇನ್ನೂ ನೀರು ಬಿಟ್ಟಿಲ್ಲ, ಅದೊಂದೇ ಯೋಚನೆ.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳಿಸಿಕೊಂಡು ಇನ್ನರ್ಧ ಮರೆಯುತ್ತೀಯ, ಅದಕ್ಕೆ ಬರೆದೇ ಕಳಿಸುತ್ತಿದ್ದೇನೆ. ನಿನ್ನ ಗಂಡನಿಗೂ ಓದಲು ಕೊಡು. ಶ್ರಾವಣ ಬರುವ ಮುಂಚೆ ಎಲ್ಲವನ್ನೂ ಕೊಯ್ದು ಬಿಡೋಣ, ಸುಮ್ನೆ ಕಾಳು ತಿನ್ನುತ್ತಿವೆ ಅಂತಾನಂತೆ ಪುಣ್ಯಾತ್ಮ. ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನೋದು ಸರಿ, ಆದರೆ ವಯಸ್ಸನ್ನಾದರೂ ಕೇಳಬೇಕು ಅಲ್ವಾ?

ಸಂಕ್ರಾಂತಿ ಆದಮೇಲೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಒಂದು ದಿನದ ಮರಿ ತಂದೆ ಅಂದೆಯಲ್ಲ, ಈಗ ಜೂನ್ ಮಧ್ಯ. ಅಂದರೆ 21, 22 ವಾರ. ಪಕ್ಕದ ಮನೆಯವರು ನಾಲ್ಕೂವರೆ ತಿಂಗಳಿಗೇ ಇಡಬೇಕಿತ್ತು ಅಂದರಂತೆ. ಅವರು ಹೇಳಿದ್ದು ಫಾರಂ ಕೋಳಿ ಲೆಕ್ಕ. ಪಂಜರದಲ್ಲಿ ಅಳತೆ ಪ್ರಕಾರ ಫೀಡ್ ತಿಂದು, ಬಲ್ಬಿನ ಬೆಳಕಲ್ಲಿ ಬೆಳೆದ ಬಿಳಿ ಕೋಳಿ 18ರಿಂದ 20 ವಾರಕ್ಕೆ ಶುರು ಮಾಡುತ್ತೆ. ಅದರ ತಳಿಯೇ ಹಾಗೆ. ನಿನ್ನ ಸ್ವರ್ಣಧಾರ, ಗಿರಿರಾಜ ತಳಿಯ ಕೋಳಿಗಳು ಹಿತ್ತಲಲ್ಲಿ ಕೆದಕಿಕೊಂಡು ಬೆಳೆದರೆ ಐದೂವರೆಯಿಂದ ಆರು ತಿಂಗಳು ಹಿಡಿಯುತ್ತೆ. ಸ್ವರ್ಣಧಾರ ಸ್ವಲ್ಪ ಮುಂದೆ, ಗಿರಿರಾಜ ಸ್ವಲ್ಪ ಹಿಂದೆ. ಆ ಮೂರು ನಾಟಿ ಹೇಂಟೆಗಳ ವಿಷಯ ಬೇರೆ. ಅವು ಆರೂವರೆ, ಏಳು ತಿಂಗಳಾದರೂ ಆಶ್ಚರ್ಯ ಇಲ್ಲ. ಅಲ್ಲದೆ ಅವನ್ನು ನೀನು ಸಂತೆಯಲ್ಲಿ ಕೊಂಡದ್ದು. ಮಾರುವವರು ಹೇಳೋ ವಯಸ್ಸು ಯಾವಾಗಲೂ ಒಂದು ತಿಂಗಳು ಜಾಸ್ತಿಯೇ ಇರುತ್ತೆ.

ಹಾಗಾಗಿ ಕ್ಯಾಲೆಂಡರ್ ಪಕ್ಕಕ್ಕಿಡು. ಕೋಳಿಯನ್ನು ನೋಡು, ಅದೇ ಹೇಳುತ್ತೆ.

ಮೊದಲು ಜುಟ್ಟು. ಮರಿಯಲ್ಲಿ ಜುಟ್ಟು ಚಿಕ್ಕದಾಗಿ, ಬಿಳಿಚಿಕೊಂಡು, ಒಣಗಿದ ಹಾಗಿರುತ್ತೆ. ಮೊಟ್ಟೆಗೆ ಹತ್ತಿರ ಬಂದ ಹಾಗೆ ಅದು ದೊಡ್ಡದಾಗಿ, ಮೆತ್ತಗಾಗಿ, ಕೆಂಪಾಗುತ್ತೆ. ಮುಖಕ್ಕೂ, ಗಲ್ಲದ ಕೆಳಗೆ ಜೋಲುವ ಮಾಂಸಕ್ಕೂ ಅದೇ ಕೆಂಪು ಬರುತ್ತೆ. ನೀನು ಕಳಿಸಿದ ಫೋಟೋದಲ್ಲಿ ಎರಡರ ಮುಖ ಕೆಂಪಾಗಿದೆ, ಉಳಿದವು ಇನ್ನೂ ಎಳಸು. ಆದರೆ ಬೇಲಿ ಪಕ್ಕ ನಿಂತಿರೋ ಆ ದೊಡ್ಡದನ್ನು ಸರಿಯಾಗಿ ನೋಡು. ಬಾಲದ ಬುಡದಲ್ಲಿ ಉದ್ದಕ್ಕೆ, ಚೂಪಾಗಿ, ಹೊಳೆಯುವ ಪುಕ್ಕ ಜೋತುಬಿದ್ದಿದೆ. ಹೇಂಟೆಗೆ ಆ ಜಾಗದ ಪುಕ್ಕ ದುಂಡಗಿರುತ್ತೆ. ಸೌಮ್ಯ, ಅದು ಹುಂಜ. ಗಂಡು ಹೆಣ್ಣು ಬೇರೆ ಮಾಡದ ಮರಿ ತಂದರೆ ಹೀಗೇ. ಅದನ್ನು ಬೇಕಾದರೆ ನಿನ್ನ ಗಂಡನಿಗೆ ಬಿಟ್ಟುಕೊಡು. ಮೊಟ್ಟೆ ಇಡೋಕೆ ಹುಂಜ ಬೇಕೇ ಬೇಕು ಅಂತೇನಿಲ್ಲ, ಮರಿ ಮಾಡಿಸಬೇಕಾದರೆ ಮಾತ್ರ ಬೇಕು.

ಇನ್ನೊಂದು ಗುರುತು ನನಗೆ ಎಲ್ಲಕ್ಕಿಂತ ನಂಬಿಕೆ. ಕೋಳಿ ಹತ್ತಿರ ಹೋಗಿ ಬೆನ್ನ ಮೇಲೆ ಕೈ ಚಾಚು. ಎಳೆಯದಾದರೆ ಕಿರುಚಿ ಓಡುತ್ತೆ. ಮೊಟ್ಟೆಗೆ ಬಂದದ್ದು ಓಡಲ್ಲ. ರೆಕ್ಕೆ ಸ್ವಲ್ಪ ಅಗಲಿಸಿ, ಬೆನ್ನು ಚಪ್ಪಟೆ ಮಾಡಿ, ಅಲ್ಲೇ ನೆಲಕ್ಕೆ ಕುಕ್ಕರಿಸುತ್ತೆ. ಹುಂಜಕ್ಕೆ ಕೂರುವ ಹಾಗೆ ನಿನಗೂ ಕೂರುತ್ತೆ, ಅಷ್ಟೇ. ಹಾಗೆ ಕೂತರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೊಟ್ಟೆ ಕಾಣುತ್ತೆ.

ಅನುಮಾನ ಇದ್ದರೆ ಮೂಳೆ ಮುಟ್ಟಿ ನೋಡು. ಸಂಜೆ ಗೂಡಿಗೆ ಸೇರಿದ ಮೇಲೆ ಹಿಡಿ, ಆಗ ಗಲಾಟೆ ಇರಲ್ಲ. ಎಡಗಂಕುಳಲ್ಲಿ ಅವುಚಿಕೊ, ತಲೆ ನಿನ್ನ ಬೆನ್ನ ಕಡೆ, ಬಾಲ ಮುಂದಕ್ಕೆ. ಬಾಲದ ಕೆಳಗೆ ಮೊಟ್ಟೆ ಬರುವ ದ್ವಾರ ಇದೆಯಲ್ಲ, ಅದರ ಎಡಕ್ಕೊಂದು ಬಲಕ್ಕೊಂದು ಮೂಳೆ ತುದಿ ಬೆರಳಿಗೆ ಸಿಗುತ್ತೆ. ಆ ಎರಡರ ನಡುವೆ ಬೆರಳು ಅಡ್ಡಡ್ಡ ಇಡು. ಒಂದೇ ಬೆರಳು ಹಿಡಿಸಿದರೆ ಇನ್ನೂ ಕಾಯಬೇಕು. ಎರಡು ಬೆರಳು ಸಲೀಸಾಗಿ ಹಿಡಿಸಿದರೆ ಹತ್ತಿರ ಬಂತು. ಮೂರು ಹಿಡಿಸಿದರೆ ಆಗಲೇ ಎಲ್ಲೋ ಇಡುತ್ತಿದೆ, ನೀನು ಹುಡುಕಿಲ್ಲ ಅಂತ ಅರ್ಥ. ದ್ವಾರವನ್ನೂ ನೋಡು. ಎಳೆಯದರಲ್ಲಿ ಅದು ಚಿಕ್ಕದಾಗಿ, ದುಂಡಗೆ, ಒಣಗಿ ಮುದುಡಿಕೊಂಡಿರುತ್ತೆ. ಮೊಟ್ಟೆ ಇಡುವುದರಲ್ಲಿ ಅಗಲವಾಗಿ, ಒದ್ದೆಯಾಗಿ, ಸಡಿಲವಾಗಿರುತ್ತೆ. ನಮ್ಮ ಕಡೆ ಕೆಲವರು ಒಳಕ್ಕೇ ಬೆರಳು ಹಾಕಿ ಮೊಟ್ಟೆ ಇದೆಯಾ ಅಂತ ನೋಡುತ್ತಾರೆ. ನೀನು ಅದನ್ನು ಮಾಡಬೇಡ. ಎಳೆ ಕೋಳಿಗೆ ಗಾಯವಾಗುತ್ತೆ, ಸೋಂಕೂ ತಗಲುತ್ತೆ. ಹೊರಗಿನಿಂದ ನೋಡಿದರೆ ಸಾಕು.

ಈಗ ನಿನ್ನನ್ನು ಸ್ವಲ್ಪ ಬೈಯಬೇಕು. ಬೇಗ ಇಡಲಿ ಅಂತ ಹೋದ ತಿಂಗಳಿಂದಲೇ ಲೇಯರ್ ಫೀಡ್ (ಮೊಟ್ಟೆ ಇಡೋ ಕೋಳಿಯ ಆಹಾರ) ಹಾಕುತ್ತಿದ್ದೇನೆ ಅಂದೆ. ಯಾರು ಹೇಳಿದರು ಇದನ್ನು? ಲೇಯರ್ ಫೀಡಿನಲ್ಲಿ 100 ಗ್ರಾಂಗೆ ಮೂರೂವರೆ, ನಾಲ್ಕು ಗ್ರಾಂ ಕ್ಯಾಲ್ಸಿಯಂ ಇರುತ್ತೆ. ಅದು ಮೊಟ್ಟೆ ಚಿಪ್ಪಿಗೆ ಬೇಕಾದದ್ದು. ಒಂದು ಚಿಪ್ಪಿಗೇ ಸುಮಾರು 2 ಗ್ರಾಂ ಹೋಗುತ್ತೆ. ಇನ್ನೂ ಮೊಟ್ಟೆಯೇ ಇಡದ ಕೋಳಿಗೆ ಒಂದು ಗ್ರಾಂನಷ್ಟಿದ್ದರೆ ಸಾಕು. ಮಿಕ್ಕಿದ್ದನ್ನು ಮೂತ್ರಪಿಂಡ ಹೊರಗೆ ಹಾಕಬೇಕು, ಅದಕ್ಕೇ ಪೆಟ್ಟು ಬೀಳುತ್ತೆ. ಆ ಫೀಡಿನಿಂದ ಕೋಳಿ ಒಂದು ದಿನವೂ ಬೇಗ ಇಡಲ್ಲ. ನಾಳೆಯಿಂದಲೇ ಗ್ರೋವರ್ ಫೀಡಿಗೆ, ಅಂದರೆ ಬೆಳೆಯೋ ಕೋಳಿಯ ಆಹಾರಕ್ಕೆ, ವಾಪಸ್ ಹೋಗು. ಮೊದಲ ಮೊಟ್ಟೆ ಕಂಡ ಮೇಲೆ ಲೇಯರ್ ಫೀಡ್ ಹಾಕು. ನಾಟಿಗಳು ಹಿಂದೆ ಉಳಿಯುತ್ತವಲ್ಲ, ಅವುಗಳ ಸಲುವಾಗಿ ಇನ್ನೊಂದು ದಾರಿ ಇದೆ. ಎಲ್ಲಕ್ಕೂ ಗ್ರೋವರನ್ನೇ ಹಾಕಿ, ಒಂದು ಬಟ್ಟಲಲ್ಲಿ ಕಪ್ಪೆಚಿಪ್ಪಿನ ಪುಡಿ ಬೇರೆಯಾಗಿ ಇಡು. ಬೇಕಾದದ್ದು ಬಂದು ತಿನ್ನುತ್ತೆ, ಬೇಡದ್ದು ಮೂಸಿಯೂ ನೋಡಲ್ಲ.

ಮಿಕ್ಕಿದ ಅನ್ನವನ್ನೂ ಕಡಿಮೆ ಮಾಡು. ಗಿರಿರಾಜ ಮೊದಲೇ ಮೈ ಕೈ ತುಂಬಿಕೊಳ್ಳೋ ಜಾತಿ. ಅನ್ನ, ಮುದ್ದೆ ತಿಂದು ಕೊಬ್ಬು ಕಟ್ಟಿಕೊಂಡರೆ ಮೊಟ್ಟೆ ಕಡಿಮೆ. ನೀರು ಮಾತ್ರ ದಿನವಿಡೀ ಇರಲಿ, ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ಬಲ್ಬ್ ಹಾಕಲಾ ಅಂತ ಕೇಳಿದ್ದೆ. ಈಗ ಬೇಡ. ಹಗಲು ಉದ್ದ ಇದ್ದಾಗ ಕೋಳಿ ಮೊಟ್ಟೆಗೆ ಬರುತ್ತೆ ಅನ್ನೋದು ನಿಜ. ಜೂನ್‌ನಲ್ಲಿ ನಮ್ಮ ಕಡೆ ಹಗಲು ಹೆಚ್ಚುಕಡಿಮೆ 13 ಗಂಟೆ ಇರುತ್ತೆ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಯೂ ಇರಲ್ಲ. ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾದರೆ ಆಗ ಯೋಚನೆ ಮಾಡಿದರಾಯಿತು.

ಗೂಡಿನ ಕೆಲಸ ಮಾತ್ರ ಈಗಲೇ ಮಾಡು. ಮೊಟ್ಟೆಗೆ ಬಂದ ಹೇಂಟೆ ಗಂಟಲಲ್ಲಿ ಕುರ್‌ಕುರ್ ಅನ್ನುತ್ತಾ ಮೂಲೆ ಮೂಲೆ ಹುಡುಕುತ್ತೆ. ಹುಲ್ಲು ಕಂಡರೆ ಕೆದಕುತ್ತೆ, ಕೂರುತ್ತೆ, ಏಳುತ್ತೆ. ಆಗ ಜಾಗ ಇಲ್ಲದಿದ್ದರೆ ಬಣವೆ ಸಂದಿಯಲ್ಲೋ ಲಂಟಾನ ಪೊದೆಯಲ್ಲೋ ಇಟ್ಟು ಬರುತ್ತೆ, ಮುಂಗುಸಿಗೆ ಹಬ್ಬ. ನಾಲ್ಕೈದು ಕೋಳಿಗೆ ಒಂದು ಮಂಕರಿ ಸಾಕು. ಕತ್ತಲಿರೋ ಮೂಲೆಯಲ್ಲಿಟ್ಟು ಒಣಹುಲ್ಲು ಹಾಸಿ, ಅದರೊಳಗೆ ಒಂದು ಬಿಳಿ ಪ್ಲಾಸ್ಟಿಕ್ ಚೆಂಡು ಇಡು. ಬೇರೆ ಯಾರೋ ಇಟ್ಟಿದ್ದಾರೆ ಅಂದುಕೊಂಡು ಇದೂ ಅಲ್ಲೇ ಇಡುತ್ತೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ 8ನೇ ವಾರದಲ್ಲಿ ಹಾಕಿಸಿದ್ದು ಸರಿ. ಮುಂದಿನದು ಯಾವಾಗ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ, ಮೊಟ್ಟೆ ಶುರುವಾಗುವ ಮುಂಚೆ ಮುಗಿಸಿಬಿಡು.

ಮೊದಲ ಮೊಟ್ಟೆ ನೋಡಿ ಹೆದರಬೇಡ. ಚಿಕ್ಕದಿರುತ್ತೆ. ಒಂದೊಂದರಲ್ಲಿ ಹಳದಿಯೇ ಇರಲ್ಲ, ಒಂದೊಂದರಲ್ಲಿ ಎರಡಿರುತ್ತೆ. ಚಿಪ್ಪಿಲ್ಲದೆ ಬರೀ ಪೊರೆಯಲ್ಲಿ ಮೆತ್ತಗೆ ಬೀಳುವುದೂ ಉಂಟು. ಚಿಪ್ಪಿನ ಮೇಲೆ ಒಂದು ಗೆರೆ ರಕ್ತ ಕಂಡರೂ ಪರವಾಗಿಲ್ಲ. ನಾಲ್ಕೈದು ವಾರದಲ್ಲಿ ಎಲ್ಲ ಸರಿಹೋಗುತ್ತೆ. ದಿನಾ ಒಂದು ಬೇಕು ಅಂತ ಲೆಕ್ಕ ಹಾಕಬೇಡ. ಒಂದು ಮೊಟ್ಟೆ ತಯಾರಾಗೋಕೆ 24ರಿಂದ 26 ಗಂಟೆ ಬೇಕು, ಅದರಲ್ಲಿ ಚಿಪ್ಪಿಗೇ ಸುಮಾರು 20 ಗಂಟೆ. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತಾ ಹೋಗಿ, ಒಂದು ದಿನ ಬಿಟ್ಟೇ ಹೋಗುತ್ತೆ. ನಾಟಿಯಂತೂ ಹನ್ನೆರಡು ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತೆ. ಮರಿ ಮಾಡಿಸೋ ಆಸೆಗೆ ಮೊದಮೊದಲ ಚಿಕ್ಕ ಮೊಟ್ಟೆಗಳನ್ನೇ ಕಾವಿಗೆ ಇಡಬೇಡ, ಮರಿ ಬಡವಾಗುತ್ತೆ. ಗಾತ್ರ ಬರುವ ತನಕ ತಿನ್ನಿ. ಹಾಗೇನಾದರೂ ಮರಿ ಬೇಕು ಅನ್ನಿಸಿದರೆ ಆ ಹುಂಜನನ್ನು ಕೊಯ್ಯುವ ಮುಂಚೆ ಇನ್ನೊಂದು ಸಲ ಯೋಚನೆ ಮಾಡು.

ನನ್ನ ಲೆಕ್ಕದಲ್ಲಿ ನಿನ್ನ ಸ್ವರ್ಣಧಾರಗಳು ಜುಲೈ ಮೊದಲ ಹೊತ್ತಿಗೆ ಶುರು ಮಾಡುತ್ತವೆ. ಎಲ್ಲವೂ ಇಡೋ ಹೊತ್ತಿಗೆ ಶ್ರಾವಣ ಬಂದು, ಮನೆಯಲ್ಲಿ ಯಾರೂ ಮುಟ್ಟಲ್ಲ ಅಂತೀರ. ಪಕ್ಕದ ಮನೆಯವರಿಗೇ ಮಾರು, ನಾಲ್ಕೂವರೆ ತಿಂಗಳು ಅಂದವರಿಗೆ. ನಾಟಿ ಮೊಟ್ಟೆಗೆ ಎರಡು ರೂಪಾಯಿ ಜಾಸ್ತಿ ಕೇಳು.

ಮಂಕರಿ ಅಲ್ಲಿ ಕೊಳ್ಳಬೇಡ. ಬರೋ ಭಾನುವಾರ ನಿನ್ನ ದೊಡ್ಡಪ್ಪ ಬೆಂಗಳೂರಿಗೆ ಬರುತ್ತಾರೆ, ಅವರ ಕೈಲಿ ಎರಡು ಬಿದಿರಿನದು ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ