ಟ್ರೆಡ್ ಉಬ್ಬಿದ ಎರಡು ಟೈರುಗಳ ವಾರಂಟಿ ತಳ್ಳಿಹಾಕಿದ್ದರ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ

ವಿಷಯ: ಒಂದೇ ವಾರ ತಯಾರಾದ ಎರಡು ಕಾರ್ ಟೈರುಗಳ ಟ್ರೆಡ್ ಉಬ್ಬಿರುವುದು, ಟೈರನ್ನು ನೋಡದೆಯೇ ವಾರಂಟಿ ನಿರಾಕರಿಸಿರುವುದು.

ಮಾನ್ಯರೇ,

ನಿಮ್ಮ ಸಂಸ್ಥೆಯ ಕಡಿಮೆ ಬೆಲೆಯ ಸರಣಿಯ 185/65 ಆರ್15 88ಎಚ್ ಅಳತೆಯ ನಾಲ್ಕು ಟೈರುಗಳನ್ನು ನನ್ನ ಕಾರಿಗೆ ಹಾಕಿಸಿದ್ದೆ. ಅದರಲ್ಲಿ ಎರಡರ ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೈ, ಉಬ್ಬಿಕೊಂಡಿದೆ. ವಾರಂಟಿ ಕೇಳಿದ್ದಕ್ಕೆ ಫೋಟೋ ನೋಡಿ, "ಗುಂಡಿಗೆ ಬಿದ್ದು ಪೆಟ್ಟಾಗಿದೆ, ತಯಾರಿಕೆಯ ದೋಷವಲ್ಲ" ಎಂದು ಎರಡು ಸಾಲು ಬರೆದು ಕೈತೊಳೆದುಕೊಂಡಿದ್ದೀರಿ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಯಾಕೆಂದು ವಿವರವಾಗಿ ಬರೆಯುತ್ತಿದ್ದೇನೆ. ಈ ಪತ್ರವನ್ನು ದಯವಿಟ್ಟು ಟೈರಿನ ಕೆಲಸ ಬಲ್ಲವರ ಕೈಗೆ ಕೊಡಿ.

ಮೊದಲು ಗೊತ್ತಾದದ್ದು ಸ್ಟೇರಿಂಗ್ ನಡುಕ. ಗಂಟೆಗೆ 70 ಕಿ.ಮೀ. ದಾಟಿದ ಕೂಡಲೇ ಸ್ಟೇರಿಂಗ್ ಸಣ್ಣಗೆ ಅದುರುತ್ತಿತ್ತು, ವೇಗ ಇಳಿಸಿದರೆ ನಿಲ್ಲುತ್ತಿತ್ತು. ಬ್ಯಾಲೆನ್ಸಿಂಗ್ ಮಾಡಿಸಿದೆ, ರಿಮ್ಮಿಗೆ ತೂಕ ಅಂಟಿಸಿದರು, ನಡುಕ ಹೋಗಲಿಲ್ಲ. ಮತ್ತೆ ಮಾಡಿಸಿದೆ. ಆಗ ಅಲ್ಲಿನ ಮೆಕ್ಯಾನಿಕ್ ಕಾರನ್ನು ಜಾಕಿನ ಮೇಲೆ ಎತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಟ್ರೆಡ್ಡಿಗೆ ತಾಗದಷ್ಟು ಹತ್ತಿರ ಹಿಡಿದು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದರು. ಸುತ್ತಿನ ಬಹುಪಾಲು ತುದಿಗೂ ರಬ್ಬರಿಗೂ ನಡುವೆ ಬೆಳಕು ಕಾಣುತ್ತಿತ್ತು. ಒಂದು ಜಾಗ ಬಂದಾಗ ಮಾತ್ರ ಬೆಳಕು ಮುಚ್ಚಿ ತುದಿ ರಬ್ಬರಿಗೆ ಕೆರೆಯುತ್ತಿತ್ತು. ಪ್ರತಿ ಸುತ್ತಿಗೂ ಅದೇ ಜಾಗ. "ಮೇಡಂ, ಇದು ತೂಕದ ತೊಂದರೆ ಅಲ್ಲ, ಟೈರೇ ದುಂಡಗಿಲ್ಲ" ಎಂದರು. ಅಂಗೈ ಆಡಿಸಿದರೆ ಉಬ್ಬು ಕೈಗೇ ಸಿಗುತ್ತದೆ. ಟ್ರೆಡ್ಡಿನ ಗೀರು ಎಷ್ಟು ಆಳ ಉಳಿದಿದೆ ಎಂದು ಅಳೆಯುವ ಗೇಜು ಇಟ್ಟರೆ ಉಬ್ಬಿನ ಮೇಲೆ 3.8 ಮಿ.ಮೀ., ಅದೇ ಟೈರಿನ ಬೇರೆಲ್ಲ ಕಡೆ 5.6 ಮಿ.ಮೀ. ಉಬ್ಬಿದ ಭಾಗವೇ ರಸ್ತೆಗೆ ಹೆಚ್ಚು ತಿಕ್ಕಿ ಬೇಗ ಸವೆಯುತ್ತಿದೆ ಎಂದಾಯಿತು. ಮುಂದಿನ ಇನ್ನೊಂದು ಚಕ್ರದಲ್ಲೂ ಅದೇ ಥರದ ಉಬ್ಬು ಶುರುವಾಗಿದೆ, ಇದಕ್ಕಿಂತ ಚಿಕ್ಕದು.

ಇನ್ನು ನಿಮ್ಮ "ಗುಂಡಿ"ಯ ಮಾತು. ಟೈರು ಗುಂಡಿಯ ಅಂಚಿಗೆ ಜೋರಾಗಿ ಬಡಿದಾಗ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ಆ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜುತ್ತದೆ, ಒಳಗಿನ ದಾರದ ಎಳೆಗಳು ತುಂಡಾಗುತ್ತವೆ, ಹಿಡಿತ ತಪ್ಪಿದ ಆ ಜಾಗದಲ್ಲಿ ಗಾಳಿ ಹೊರಕ್ಕೆ ದೂಡುತ್ತದೆ. ಹಾಗಾಗಿ ಆ ಉಬ್ಬು ಬರುವುದು ಸೈಡ್‌ವಾಲ್‌ನಲ್ಲಿ. ಎಷ್ಟೋ ಸಲ ರಿಮ್ಮಿನ ಅಂಚೂ ಬಗ್ಗಿರುತ್ತದೆ. ನನ್ನ ಟೈರುಗಳ ಸೈಡ್‌ವಾಲ್ ಎರಡೂ ಮಗ್ಗುಲಲ್ಲಿ ಸರಿಯಾಗಿದೆ. ರಿಮ್ಮಿನಲ್ಲಿ ಒಂದು ತಗ್ಗೂ ಇಲ್ಲ. ಟೈರು ಬಿಚ್ಚಿಸಿ ಒಳಮೈ ನೋಡಿದ್ದೇವೆ, ಜಜ್ಜಿದ ಗುರುತಿಲ್ಲ. ಉಬ್ಬಿರುವುದು ಟ್ರೆಡ್, ಅಂದರೆ ಕೆಳಗೆ ಉಕ್ಕಿನ ತಂತಿಯ ಬೆಲ್ಟುಗಳಿರುವ ಜಾಗ. ಆ ಬೆಲ್ಟುಗಳ ನಡುವಿನ ರಬ್ಬರು ಅಂಟು ಬಿಟ್ಟು ಪದರ ಬೇರ್ಪಡುವಾಗ ಕಾಣುವ ಲಕ್ಷಣಗಳು ಇವೇ: ಬ್ಯಾಲೆನ್ಸಿಂಗಿಗೆ ಬಗ್ಗದ ನಡುಕ, ಒಂದೇ ಜಾಗದ ಉಬ್ಬು, ಆ ಜಾಗದ ಅತಿಸವೆತ. ಇದು ಮುಂದುವರಿದರೆ ವೇಗದಲ್ಲಿದ್ದಾಗಲೇ ಟ್ರೆಡ್ ಕಿತ್ತು ಬರಬಹುದು. ಆಗ ಕಾರು ಎತ್ತ ಹೋಗುತ್ತದೆಂದು ಯಾರಿಗೂ ಹೇಳಲಾಗದು. ನನ್ನ ಭಯ ಅದು.

ಗಾಳಿ ಕಡಿಮೆ ಇಟ್ಟು ಓಡಿಸಿದರೆ, ಅತಿಭಾರ ಹೇರಿದರೆ ಟೈರು ಕಾದು ಹೀಗೆ ಪದರ ಬಿಡಬಹುದು ಎಂದು ನೀವು ಹೇಳಬಹುದು. ಹೌದು, ಅದೂ ಒಂದು ಕಾರಣವೇ. ಆದರೆ ಗಾಳಿ ಕಡಿಮೆ ಇದ್ದರೆ ಟ್ರೆಡ್ಡಿನ ಎರಡೂ ಅಂಚು ಮೊದಲು ಸವೆಯಬೇಕು. ನನ್ನ ಟೈರುಗಳಲ್ಲಿ ಉಬ್ಬಿನ ಜಾಗ ಬಿಟ್ಟರೆ ಅಂಚಿನಲ್ಲೂ ನಡುವಿನಲ್ಲೂ ಒಂದೇ ಆಳವಿದೆ. ಚಾಲಕರ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಹೇಳಿದೆಯೋ ಅಷ್ಟು ಗಾಳಿಯನ್ನು, ಟೈರು ತಣ್ಣಗಿದ್ದಾಗಲೇ ನೋಡಿ ಹಾಕಿಸುತ್ತ ಬಂದಿದ್ದೇನೆ. ಪಂಚರ್ ಒಂದೂ ಆಗಿಲ್ಲ, ಆದ್ದರಿಂದ ತೂತಿನಿಂದ ನೀರಿಳಿದು ತಂತಿಗೆ ತುಕ್ಕು ಹಿಡಿಯಿತು ಎನ್ನುವಂತೆಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಟೈರಿನ ಮೈಮೇಲೆಯೇ ಇದೆ. ತಯಾರಿಕೆಯ ಗುರುತಿನ ಕೊನೆಯ ನಾಲ್ಕು ಅಂಕಿ, ಉಬ್ಬಿದ ಎರಡೂ ಟೈರುಗಳಲ್ಲಿ 1423. ಅಂದರೆ 2023ರ 14ನೇ ವಾರ. ಉಳಿದೆರಡರಲ್ಲಿ 3122 ಎಂದಿದೆ, ಅವು ಇಂದಿಗೂ ಚೆನ್ನಾಗಿವೆ. ಅದೇ ಕಾರು, ಅದೇ ರಸ್ತೆ, ಅದೇ ಗಾಳಿ, ಓಡಿಸಿದವಳು ನಾನೇ. ನಿಯಮದಂತೆ ಹಿಂದು ಮುಂದು ಬದಲಾಯಿಸಿದ್ದರಿಂದ ನಾಲ್ಕೂ ಟೈರು ಎರಡೂ ಕಡೆ ಓಡಿವೆ. ಗುಂಡಿ ತಾನಾಗಿ ಒಂದು ವಾರದ ಟೈರುಗಳನ್ನೇ ಆರಿಸಿಕೊಳ್ಳುವುದಿಲ್ಲ. ಈ ನಾಲ್ಕು ಅಂಕಿಯ ಫೋಟೋವನ್ನೂ ಕಳುಹಿಸಿದ್ದೆ. ನಿಮ್ಮ ಉತ್ತರದಲ್ಲಿ ಅದರ ಸುದ್ದಿಯೇ ಇಲ್ಲ. ಬದಲಿಗೆ, "ಸೈಡ್‌ವಾಲ್‌ನಲ್ಲಿ ಸಣ್ಣ ಒಳತಗ್ಗು ಸಹಜ" ಎಂದು ಬರೆದಿದ್ದೀರಿ. ಒಳಗಿನ ದಾರದ ಪದರದ ತುದಿಗಳು ಒಂದರ ಮೇಲೊಂದು ಕೂರುವ ಜಾಗದಲ್ಲಿ ಅಂಥ ತಗ್ಗು ಕಾಣುತ್ತದೆ, ಅದರಿಂದ ಅಪಾಯವಿಲ್ಲ ಎಂಬುದು ನಿಜ. ಆದರೆ ನಾನು ದೂರಿದ್ದು ತಗ್ಗಿನ ಬಗ್ಗೆ ಅಲ್ಲ, ಸೈಡ್‌ವಾಲ್ ಬಗ್ಗೆಯೂ ಅಲ್ಲ. ನನ್ನ ಪತ್ರವನ್ನು ಯಾರೂ ಪೂರ್ತಿ ಓದಿಲ್ಲವೆಂದು ಇದರಿಂದಲೇ ಗೊತ್ತಾಗುತ್ತದೆ.

ಫೋನಿನಲ್ಲಿ ಮಾತಾಡಿದ ನಿಮ್ಮ ಪ್ರತಿನಿಧಿ, ಈ ಬೆಲೆಯ ಟೈರಿನಿಂದ ಇದಕ್ಕಿಂತ ಹೆಚ್ಚು ಬಯಸಬಾರದು ಎಂದರು. ಆ ಮಾತು ನನಗೆ ತುಂಬ ನೋವು ಕೊಟ್ಟಿತು. ಕಡಿಮೆ ಬೆಲೆಯ ಟೈರು ಕೊಳ್ಳುವವರು ಬಹಳಷ್ಟು ಜನ ಮನೆಮಂದಿಯನ್ನು ಕೂರಿಸಿಕೊಂಡು ಓಡಾಡುವವರು, ಕಾರನ್ನೇ ನಂಬಿ ದುಡಿಯುವವರು. ಸದ್ದು ಸ್ವಲ್ಪ ಹೆಚ್ಚಿರಲಿ, ಕುಲುಕಾಟ ಇರಲಿ, ಬೇಗ ಸವೆಯಲಿ, ಒಪ್ಪಿಕೊಳ್ಳುತ್ತೇನೆ. ಆದರೆ 88ಎಚ್ ಎಂದು ಅಚ್ಚೊತ್ತಿದ್ದೀರಲ್ಲ, ಅದರರ್ಥ ಒಂದು ಟೈರು 560 ಕೆ.ಜಿ. ಭಾರ ಹೊರುತ್ತದೆ, ಗಂಟೆಗೆ 210 ಕಿ.ಮೀ. ವೇಗ ತಾಳುತ್ತದೆ ಎಂದು. ಇದಕ್ಕಿಂತ ಎಷ್ಟೋ ದುಬಾರಿ ಟೈರಿನ ಮೇಲೂ ಇದೇ ಅಕ್ಷರ, ಇದೇ ಅಂಕಿ ಇರುತ್ತದೆ. ಬೆಲೆ ಇಳಿದರೂ ಅಚ್ಚಿನಲ್ಲಿ ಕೊಟ್ಟ ಮಾತು ಇಳಿದಿಲ್ಲ. ನಾನು ಆ ಭಾರದ, ಆ ವೇಗದ ಹತ್ತಿರಕ್ಕೂ ಹೋಗಿಲ್ಲ.

ಇದೇ ಸರಣಿ ಹಾಕಿಸಿಕೊಂಡ ಬೇರೆ ಚಾಲಕರನ್ನೂ ವಿಚಾರಿಸಿದೆ. ಹತ್ತಿರದ ಓಡಾಟಕ್ಕಷ್ಟೇ ಕಾರು ತೆಗೆಯುವ ಒಬ್ಬರಿಗೆ ಏನೂ ತೊಂದರೆ ಕಂಡಿಲ್ಲ, ಮುಂದಿನ ಸಲವೂ ಇದನ್ನೇ ಹಾಕಿಸುತ್ತೇನೆ ಎಂದರು. ದಿನವಿಡೀ ಟ್ಯಾಕ್ಸಿ ಓಡಿಸುವ ಇನ್ನೊಬ್ಬರು ಬಾಳಿಕೆಯನ್ನು ಹೊಗಳಿದರು. ಆದರೆ ಮಳೆ ಹನಿದು ರಸ್ತೆ ಒದ್ದೆಯಾದ ಕೂಡಲೇ ಅವರು ವೇಗ ತಗ್ಗಿಸಿ, ಮುಂದಿನ ಗಾಡಿಯಿಂದ ದೂರ ಉಳಿಯುತ್ತಾರಂತೆ. "ಬ್ರೇಕ್ ಮುಟ್ಟಿದರೆ ಸಾಕು, ಎಬಿಎಸ್ ಬಡಿಯೋಕೆ ಶುರು" ಎಂದರು. (ಎಬಿಎಸ್ ಎಂದರೆ ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ಏರ್ಪಾಡು.) ನನಗೂ ಅದೇ ಅನುಭವ: ಒದ್ದೆ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ. ಉಬ್ಬಿನ ಜಾಗ ಬಿಟ್ಟರೆ ಟ್ರೆಡ್ 5 ಮಿ.ಮೀ.ಗಿಂತ ಹೆಚ್ಚೇ ಇದೆ, ಅನೇಕ ದೇಶಗಳ ಕಾನೂನು ಹೇಳುವ 1.6 ಮಿ.ಮೀ. ಮಿತಿಗೆ ಇನ್ನೂ ಬಹುದೂರ. ಹಾಗಾದರೆ ಕೊರತೆ ಇರುವುದು ರಬ್ಬರಿನಲ್ಲೇ ಎನ್ನಬೇಕಾಗುತ್ತದೆ. ಬಾಳಿಕೆ ಹೆಚ್ಚಿಸಲು ರಬ್ಬರನ್ನು ಗಟ್ಟಿ ಮಾಡಿದರೆ ಒದ್ದೆಯಲ್ಲಿ ಹಿಡಿತ ಕಮ್ಮಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸಲು ಸಿಲಿಕಾದಂಥ ದುಬಾರಿ ಮಿಶ್ರಣ ಬೇಕು. ನೀವು ಎಲ್ಲಿ ಉಳಿಸಿದ್ದೀರಿ ಎಂದು ಕೊಳ್ಳುವವರಿಗೆ ಹೇಳಬೇಡವೇ? ನಿಮ್ಮ ಕೈಪತ್ರದಲ್ಲಿ ಟ್ರೆಡ್ ಬಾಳಿಕೆಯ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಅದು ತಯಾರಕರೇ ತಮ್ಮ ಟೈರಿಗೆ ಕೊಟ್ಟುಕೊಳ್ಳುವ ಅಂಕಿ. ಅದರ ಪಕ್ಕದ ಹಿಡಿತದ ಅಕ್ಷರ ಒದ್ದೆ ನೆಲದಲ್ಲಿ ನೇರ ಬ್ರೇಕಿನ ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದು, ತಿರುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒದ್ದೆ ತಿರುವಿನ ಬಗ್ಗೆ ಕೈಪತ್ರದಲ್ಲಿ ಇರುವುದು "ಎಲ್ಲ ಋತುವಿಗೂ ಸೂಕ್ತ" ಎಂಬ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಅಷ್ಟೇ.

ನನ್ನ ಬೇಡಿಕೆ ಹೀಗಿದೆ. ಎರಡೂ ಟೈರುಗಳನ್ನು ನಿಮ್ಮ ತಾಂತ್ರಿಕ ಸಿಬ್ಬಂದಿ ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು. ಬೇಕಿದ್ದರೆ ಉಬ್ಬಿನ ಜಾಗವನ್ನು ಕೊಯ್ದು ಬೆಲ್ಟಿನ ಪದರ ನೋಡಲಿ, ಆದರೆ ನನ್ನೆದುರು ಆಗಬೇಕು, ಕಂಡದ್ದನ್ನು ಸಹಿ ಮಾಡಿದ ವರದಿಯಾಗಿ ಕೊಡಬೇಕು. ದೋಷ ನಿಮ್ಮದೆಂದು ತಿಳಿದರೆ ಎರಡೂ ಟೈರುಗಳನ್ನು ಪೂರ್ತಿ ಬದಲಿಸಿ ಕೊಡಬೇಕು. ಉಳಿದ ಟ್ರೆಡ್ ಆಳ ಲೆಕ್ಕ ಹಾಕಿ ರಿಯಾಯಿತಿ ಕೊಡುತ್ತೇವೆ ಎಂದು ಅಂಗಡಿಯವರ ಮೂಲಕ ಹೇಳಿಸಿದ್ದನ್ನು ನಾನು ಒಪ್ಪುವುದಿಲ್ಲ. ಸವೆದು ಹೋದ ಟೈರಿಗೆ ಆ ಲೆಕ್ಕ ಸರಿ, ಪದರ ಬಿಟ್ಟ ಟೈರಿಗೆ ಅಲ್ಲ. ಒಂದನ್ನೇ ಬದಲಿಸುವ ಮಾತೂ ಬೇಡ, ಒಂದೇ ಆಕ್ಸಲಿನ ಎರಡು ಟೈರು ಜೋಡಿಯಾಗಿರಬೇಕೆಂದು ನಿಮ್ಮ ಕೈಪಿಡಿಯೇ ಹೇಳುತ್ತದೆ.

ಇದಕ್ಕಿಂತ ತುರ್ತಾದದ್ದು ಇನ್ನೊಂದಿದೆ. 2023ರ 14ನೇ ವಾರ ತಯಾರಾದ ಈ ಅಳತೆಯ ಟೈರುಗಳ ಮೇಲೆ ಬೇರೆ ದೂರು ಬಂದಿದೆಯೇ ಎಂದು ನಿಮ್ಮ ದಾಖಲೆ ತೆಗೆದು ನೋಡಿ. ಬಂದಿದ್ದರೆ ಕೊಂಡವರಿಗೆಲ್ಲ ತಿಳಿಸಿ. ನನ್ನ ಟೈರು ಉಬ್ಬಿದ್ದು ನಡುಕದಿಂದ ಗೊತ್ತಾಯಿತು. ಆ ನಡುಕವನ್ನು ರಸ್ತೆಯದೆಂದೇ ತಿಳಿದು ಓಡಿಸುತ್ತಿರುವವರು ಇರಬಹುದು.

ಎರಡೂ ಟೈರುಗಳನ್ನು ಬಿಚ್ಚಿಸಿ ತೆಗೆದಿಟ್ಟಿದ್ದೇನೆ. ನಿಮ್ಮವರು ಬಂದು ಬರಹದ ರಸೀದಿ ಕೊಟ್ಟರೆ ಒಪ್ಪಿಸುತ್ತೇನೆ, ರಸೀದಿ ಇಲ್ಲದೆ ಕೊಡುವುದಿಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಇದೇ ಪತ್ರ ಮತ್ತು ಫೋಟೋಗಳೊಂದಿಗೆ ಗ್ರಾಹಕ ನ್ಯಾಯಾಲಯದಲ್ಲಿ ದೂರು ದಾಖಲಿಸುತ್ತೇನೆ.

ಲಗತ್ತು: ಖರೀದಿಯ ಬಿಲ್ಲು, ವಾರಂಟಿ ಕಾರ್ಡು, ನಾಲ್ಕೂ ಟೈರುಗಳ ತಯಾರಿಕೆಯ ಗುರುತು, ಉಬ್ಬಿನ ಮತ್ತು ಗೇಜಿನ ಅಳತೆಯ ಫೋಟೋಗಳು, ನಿಮ್ಮ ಉತ್ತರದ ಪ್ರತಿ.

ಇಂತಿ,
ನಿಮ್ಮ ಗ್ರಾಹಕಿ