ರಂಗ ಸೇರಿದ ಸೋದರಸೊಸೆಗೆ: ‘ಫ್ರೆಂಚ್ ಕ್ಯಾನ್‌ಕ್ಯಾನ್’ ನೋಡುವ ಮುನ್ನ

ಚಿ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನೃತ್ಯನಾಟಕದ ತಂಡ ಸೇರಿದ್ದನ್ನೂ ಅದರ ನಿರ್ದೇಶಕರ ಮೇಲೆ ನಿನಗೆ ಮನಸ್ಸಾಗಿರುವುದನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದೀಯೆ. ನಿಮ್ಮಪ್ಪನ ಹಾಗೆ ನಾನೇನೂ ಗಾಬರಿಯಾಗಿಲ್ಲ. ಆದರೆ ಫ್ರಾನ್ಸಿನ ನಿರ್ದೇಶಕ ಜಾಂ ರೆನ್ವಾರ್ 1955ರಲ್ಲಿ ತೆರೆಗೆ ತಂದ ‘ಫ್ರೆಂಚ್ ಕ್ಯಾನ್‌ಕ್ಯಾನ್’ ಚಿತ್ರವನ್ನು ನೀನು ಮುಂದಿನ ಹೆಜ್ಜೆ ಇಡುವ ಮುಂಚೆ ನೋಡಬೇಕೆಂದು ನನ್ನ ಆಸೆ. ನಮ್ಮ ಬಂಗಾಳಕ್ಕೆ ಬಂದು ‘ದಿ ರಿವರ್’ ತೆಗೆದದ್ದೂ ಇದೇ ರೆನ್ವಾರ್; ಆಗ ಸ್ಥಳ ಹುಡುಕಲು ಜೊತೆಗೆ ಓಡಾಡಿದ ತರುಣ ಸತ್ಯಜಿತ್ ರಾಯ್.

ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಯಾರಿಸ್‌ನಲ್ಲಿ, ಮೋಮಾರ್ತ್ರ್ ಗುಡ್ಡದ ಆಸುಪಾಸಿನಲ್ಲಿ. ಮೂಲಾಂ ರೂಜ್ ಎಂಬ ಕುಣಿತದ ರಂಗಮಂದಿರ 1889ರಲ್ಲಿ ಬಾಗಿಲು ತೆರೆದದ್ದು ಇತಿಹಾಸವಾದರೂ, ಅದನ್ನು ಕಟ್ಟುವ ದಾಂಗ್ಲಾರ್ ಎಂಬ ಸಾಲದಲ್ಲಿ ಮುಳುಗಿದ ರಸಿಕ ಕಲ್ಪನೆಯವನು. ಆ ಪಾತ್ರ ಜಾಂ ಗಾಬಾಂ ಅವರದು. ಬಟ್ಟೆ ಒಗೆಯುವ ಅಂಗಡಿಯ ಹುಡುಗಿ ನೀನಿ ಸಾಮಾನ್ಯರ ಕುಣಿತದ ಮನೆಯೊಂದರಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ. ಹಳತಾಗಿ ಮೂಲೆ ಸೇರಿದ್ದ ಕ್ಯಾನ್‌ಕ್ಯಾನ್ ಎಂಬ ಕಾಲೆತ್ತಿ ಕುಣಿಯುವ ಕುಣಿತಕ್ಕೆ ‘ಫ್ರೆಂಚ್ ಕ್ಯಾನ್‌ಕ್ಯಾನ್’ ಎಂಬ ಹೊಸ ಹೆಸರು ಕೊಟ್ಟು ಮಾರಬೇಕೆಂಬುದು ಅವನ ವ್ಯಾಪಾರಬುದ್ಧಿ. ಬಣ್ಣಗಳಂತೂ ಕಣ್ಣಿಗೆ ಹಬ್ಬ. ಇದೇ ಗುಡ್ಡದ ಕುಣಿತದ ತೋಟವೊಂದನ್ನು ನಿರ್ದೇಶಕರ ತಂದೆ, ಚಿತ್ರಕಾರ ಓಗ್ಯುಸ್ತ್ ರೆನ್ವಾರ್, 1876ರಲ್ಲಿ ಚಿತ್ರಿಸಿದ್ದರು.

ನೀನಿಯನ್ನು ಬಯಸುವವರು ಮೂವರು. ರೊಟ್ಟಿ ಅಂಗಡಿಯ ಪಾವ್ಲೊ ಮದುವೆಯಾಗೋಣ, ರಂಗವನ್ನು ಬಿಡು ಎನ್ನುತ್ತಾನೆ. ಪರದೇಶದ ರಾಜಕುಮಾರ ಎಲ್ಲವನ್ನೂ ಕೊಡಲು ಸಿದ್ಧನಿದ್ದಾನೆ. ದಾಂಗ್ಲಾರ್ ಮಾತ್ರ ಏನನ್ನೂ ಕೊಡುತ್ತೇನೆಂದು ಹೇಳುವುದಿಲ್ಲ, ಮತ್ತು ಅವಳು ಒಲಿಯುವುದು ಅವನಿಗೇ. ಪ್ರಥಮ ಪ್ರದರ್ಶನದ ರಾತ್ರಿ ಅವನ ಕಣ್ಣು ಹೊಸ ಗಾಯಕಿಯ ಕಡೆ ಹೊರಳಿದ್ದು ತಿಳಿದು, ನೀನಿ ಕೋಣೆ ಸೇರಿಕೊಂಡು ಕುಣಿಯುವುದಿಲ್ಲವೆಂದು ಹಟ ಹಿಡಿಯುತ್ತಾಳೆ. ಆಗ ಅವನು ಸಿಡಿದೇಳುತ್ತಾನೆ: ನನ್ನನ್ನು ಕಟ್ಟಿಹಾಕಲು ಬರಬೇಡ, ನಾವು ಸೃಷ್ಟಿಸಿದ್ದೊಂದೇ ಮುಖ್ಯ, ಪ್ರೇಕ್ಷಕರ ಸೇವೆಗೆ ನಿಂತವರು ನಾವು ಎಂಬುದು ಅವನ ಮಾತಿನ ಸಾರ.

ಆ ಮಾತು ಕೇಳಿದವರು ಮರುಳಾಗುತ್ತಾರೆ, ನೀನೂ ಆಗುತ್ತೀಯೆ. ಆದರೆ ಅದನ್ನು ಬರೆದು ಚಿತ್ರಿಸಿದವರೂ ಒಬ್ಬ ನಿರ್ದೇಶಕರೇ ಎಂಬುದನ್ನು ಮರೆಯಬೇಡ. ತಮ್ಮಂಥ ಕಸುಬಿನವನಿಗೆ ಅತ್ಯುತ್ತಮ ಮಾತುಗಳನ್ನು ಕೊಟ್ಟಿದ್ದಾರೆ. ಕಲೆಯ ಬಗ್ಗೆ ದಾಂಗ್ಲಾರ್ ಹೇಳುವುದು ಸತ್ಯ, ಆದರೆ ಅದನ್ನು ಆ ಹೊತ್ತಿನಲ್ಲಿ, ಆ ಹುಡುಗಿಗೆ ಹೇಳುವುದರಲ್ಲಿ ಅವನ ಅನುಕೂಲವೂ ಇದೆ. ಅವನ ಹಿಂದಿನ ಪ್ರೇಯಸಿ ಲೋಲಾಳ ಪಾಡನ್ನು ಚಿತ್ರದ ಮೊದಲಿಂದಲೇ ಗಮನಿಸು. ಬೀದಿಯಲ್ಲಿ ಕೈಚಾಚುವ ಮುದುಕಿ ಪ್ರುನೆಲ್‌ಳನ್ನೂ ನೋಡು. ಒಂದು ಕಾಲದಲ್ಲಿ ಇದೇ ಕುಣಿತದ ತಾರೆಯಾಗಿದ್ದವಳು ಅವಳು.

ಹಾಗಿದ್ದೂ ನೀನಿ ಕೊನೆಗೆ ಹಟ ಬಿಟ್ಟು ರಂಗಕ್ಕೆ ಹೋದದ್ದು ಸರಿಯೆಂದೇ ನಾನು ಹೇಳುತ್ತೇನೆ. ಅವಳು ಹೋಗುವುದು ದಾಂಗ್ಲಾರ್‌ನನ್ನು ಮರಳಿ ಪಡೆಯುವುದಕ್ಕಲ್ಲ, ತಿಂಗಳುಗಟ್ಟಲೆ ಕಾಲು ನೋಯಿಸಿಕೊಂಡು ಕಲಿತದ್ದು ಅವಳದೇ ಆದ್ದರಿಂದ. ನರ್ತಕಿಯರು ಲಂಗದ ಅಲೆಯೆಬ್ಬಿಸುತ್ತ ಪ್ರೇಕ್ಷಕರ ನಡುವೆ ನುಗ್ಗುವ ಆ ಕೊನೆಯ ಕುಣಿತದ ಹೊತ್ತಿಗೆ ದಾಂಗ್ಲಾರ್ ತೆರೆಯ ಹಿಂದೆ ಕುರ್ಚಿಯಲ್ಲಿ ಒಬ್ಬನೇ ಕೂತು, ಕಣ್ಣಿಗೆ ಏನೂ ಕಾಣದಿದ್ದರೂ, ಸಂಗೀತಕ್ಕೆ ಸರಿಯಾಗಿ ಕಾಲೆತ್ತುತ್ತಿರುತ್ತಾನೆ. ಅವನ ಮೇಲೆ ನನಗಿರುವ ಸಿಟ್ಟು ಅಲ್ಲಿ ಅರ್ಧ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ.

ನಿಮ್ಮ ನಿರ್ದೇಶಕರು ಎಂಥವರೋ ನಾನು ಕಂಡಿಲ್ಲ, ಒಳ್ಳೆಯವರೇ ಇರಬಹುದು. ನಿನ್ನ ಸಂಭಾವನೆ ಎಷ್ಟು, ತಾಲೀಮಿನ ವೇಳೆ ಯಾವುದು, ಕಾಲು ಉಳುಕಿದರೆ ಆಸ್ಪತ್ರೆಯ ಖರ್ಚು ಯಾರದು ಎಂಬುದನ್ನು ಅವರಿಂದ ಬರವಣಿಗೆಯಲ್ಲಿ ಪಡೆದುಕೋ. ಕೇಳಿದಾಗ ಅವರ ಮುಖ ಹೇಗಿತ್ತೆಂದು ನನಗೆ ಬರೆ. ಪ್ರೀತಿಯ ವಿಷಯ ಆಮೇಲೆ ಮಾತಾಡೋಣ.

ಇಂತು ನಿನ್ನ ಹಿತ ಬಯಸುವ,
ಅತ್ತೆ